ವಕೀಲಿ ಫೀಸಿನ ಖಣ

ಮೊನ್ನೆ ಕುಷ್ಟಗಿಯ ಒಂದು ಶಾಲೆಗೆ ಚರ್ಚಾ ಸ್ಪರ್ಧೆಯ ನಿರ್ಣಾಯಕಳಾಗಿ ಹೋಗಿದ್ದೆ. ವಿಷಯ ಹಳೆಯದೇ, ವಿಜ್ಞಾನ ವರವೋ ಶಾಪವೋ. ವರ ಎಂದವರು ಬಲ್ಬಿನಿಂದ ಶುರು ಮಾಡಿದರು, ಶಾಪ ಎಂದವರು ಬಾಂಬಿನಿಂದ. ಏಳನೆಯ ಹುಡುಗಿ ಮೇಜು ಕುಟ್ಟಿ ಮಾತಾಡುತ್ತಿದ್ದಾಗ ಬಾಜೂ ಖೋಲಿಯಿಂದ ಒಂದು ವಾಸನೆ ಬಂತು. ಅಲ್ಲಿ ಯಾವುದೋ ನಾಟಕಕ್ಕೆ ಮಕ್ಕಳ ಮುಖಕ್ಕೆ ಬಣ್ಣ ಹಚ್ಚುತ್ತಿದ್ದರು. ಸಫೇತಾ ಎಂಬ ಬಿಳಿ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಅಂಗೈಯಿಂದ ತಿಕ್ಕಿದಾಗ ಬರುವ ವಾಸನೆ ಅದು. ಅರ್ಧ ಅಡಿಗೆಮನೆ, ಅರ್ಧ ದವಾಖಾನೆ. ಆ ಹುಡುಗಿಗೆ ನಾನು ಎಷ್ಟು ಅಂಕ ಹಾಕಿದೆನೋ ಈಗ ನೆನಪಿಲ್ಲ.

ವಾಸನೆ ನಮ್ಮನ್ನು ಹಿಂದಕ್ಕೆ ಒಯ್ಯುತ್ತದೆ ಎಂದು ಬರೆಯುವವರನ್ನು ನಾನು ನಂಬಿದವಳಲ್ಲ. ಈಗಲೂ ಪೂರ್ತಿ ನಂಬುವುದಿಲ್ಲ. ನನ್ನನ್ನು ಅದು ಎಲ್ಲಿಗೂ ಒಯ್ಯಲಿಲ್ಲ. ನಿರ್ಣಾಯಕರ ಕುರ್ಚಿಯಲ್ಲೇ ಕೂರಿಸಿ ಒಂದು ಪ್ರಶ್ನೆ ಕೇಳಿತು, ಅಷ್ಟೇ.

ಅದು ಆರು ವರ್ಷದ ಹಿಂದಿನ, ಎಂಬತ್ತೆರಡರ ಬೇಸಿಗೆ. ನನಗೆ ಹತ್ತೊಂಬತ್ತು, ಕೊಪ್ಪಳದಲ್ಲಿ ಬಿ.ಎ. ಎರಡನೆಯ ವರ್ಷ. ಹೆಸರು ಶಾಂತಾ. ಆದರೆ ತಾವರಗೇರಾ ಹತ್ತಿರದ ನಮ್ಮೂರಿನಲ್ಲಿ ಆ ಹೆಸರಿನಿಂದ ಕರೆದವರು ಕಡಿಮೆ, ಎಲ್ಲರಿಗೂ ನಾನು ‘ವಕೀಲಿ’. ಕಾಲೇಜಿನಲ್ಲಿ ಚರ್ಚೆ ಕಲಿಸುವ ಗುರುಗಳು ನಮಗೊಂದು ಅಭ್ಯಾಸ ಮಾಡಿಸುತ್ತಿದ್ದರು. ವಿಷಯದ ಪರವಾಗಿ ಐದು ನಿಮಿಷ, ಒಂದು ಲೋಟ ನೀರು, ಮತ್ತೆ ಅದೇ ವಿಷಯದ ವಿರೋಧವಾಗಿ ಐದು ನಿಮಿಷ. ನೀರು ಕುಡಿಯುವುದರೊಳಗೆ ಅಭಿಪ್ರಾಯ ಬದಲಿಸುವ ಈ ವಿದ್ಯೆಯಲ್ಲಿ ನಾನು ಎಲ್ಲರಿಗಿಂತ ಮುಂದು. ಆ ವರ್ಷ ಬಹುಮಾನದ ಢಾಲು ಗೆದ್ದು ಊರಿಗೆ ತಂದಿದ್ದೆ. ಅವ್ವ ಅದನ್ನು ಬೆಲ್ಲದ ಡಬ್ಬಿಯ ಪಕ್ಕದಲ್ಲಿಟ್ಟಿದ್ದಳು.

ಆ ಬೇಸಿಗೆಯಲ್ಲಿ ಮನೆಯ ಮುಂದೆ ಇದ್ದ ಮಾತು ಒಂದೇ: ನನ್ನ ಅಕ್ಕ ಗಂಗಾಳನ್ನು ಅವ್ವನ ಕಿರಿಯ ತಮ್ಮ ಶರಣಪ್ಪ ಮಾವನಿಗೆ ಕೊಡುವುದೋ ಬೇರೆ ಕಡೆ ನೋಡುವುದೋ. ಮಾತು ಎಂದೆ, ಮನೆಯವರಿಗೆ ಅದು ಎರಡು ಬದಿ ಇರುವ ಮಾತೇ ಆಗಿರಲಿಲ್ಲ. ಅಕ್ಕ ತೊಟ್ಟಿಲಲ್ಲಿದ್ದಾಗಲೇ ಅವ್ವನ ತಾಯಿ, ನಮ್ಮ ಆಯಿ, ಹೇಳಿಬಿಟ್ಟಿದ್ದಳಂತೆ. ನಮ್ಮ ಕಡೆ ಅಕ್ಕನ ಮಗಳೆಂದರೆ ಸೋದರಮಾವನ ಮೊದಲ ಹಕ್ಕು. ಅವನು ಬಿಟ್ಟರೆ ಮಾತ್ರ ಹೊರಗಿನ ಬೀಗರು ಹೊಸ್ತಿಲು ತುಳಿಯಬೇಕು.

ಇದಕ್ಕೊಂದು ಬಾಯಿಬಿಟ್ಟು ಹೇಳದ ಗುರುತೂ ಇತ್ತು. ನಾಗರಪಂಚಮಿಗೆ ಮಾವ ಪ್ರತಿವರ್ಷ ಯಲಬುರ್ಗಾ ಕಡೆಯ ತನ್ನ ಊರಿನಿಂದ ಅವ್ವನಿಗೆ ಉಂಡಿ, ಕೊಬ್ಬರಿ ಗಿಟಕ, ಒಂದು ಕುಪ್ಪಸದ ಖಣ ತರುತ್ತಿದ್ದ. ನನಗೂ ಅಕ್ಕನಿಗೂ ಬಳೆ, ರಿಬ್ಬನ್ನು, ಏನು ಬೇಕಾದರೂ ಬರುತ್ತಿತ್ತು, ಖಣವೊಂದನ್ನು ಬಿಟ್ಟು. ಪಂಚಮಿಯ ಖಣ ಅಣ್ಣತಮ್ಮಂದಿರು ಕೊಡುವಂಥದ್ದು. ಅದನ್ನು ಕೊಟ್ಟ ಗಂಡಸು ಆ ಹೆಣ್ಣಿಗೆ ಅಂದಿನಿಂದ ಅಣ್ಣನ ಜಾಗದಲ್ಲಿ ನಿಂತ ಹಾಗೆ. “ಅವರಿಬ್ಬರಿಗಿ ಮರತೂ ಖಣ ತರಬ್ಯಾಡಪಾ,” ಎಂದು ಆಯಿ ಅವನಿಗೆ ಪ್ರತಿಸಲ ನೆನಪು ಮಾಡುತ್ತಿದ್ದಳು.

ಮಾವನಿಗೆ ಆಗ ಇಪ್ಪತ್ತಾರು. ಮಳೆಗಾಲದಲ್ಲಿ ಕಮತ, ಬೇಸಿಗೆಯಲ್ಲಿ ನಾಟಕದ ಮಾಸ್ತರಿಕೆ. ಹಾರ್ಮೋನಿಯಂ ಪೇಟಿ ಹೊತ್ತುಕೊಂಡು ಊರೂರಿಗೆ ಹೋಗಿ, ತಿಂಗಳುಗಟ್ಟಲೆ ಇದ್ದು, ಅಕ್ಷರ ಬಾರದವರ ಬಾಯಿಗೂ ಹಾಡು ಹಚ್ಚಿ ಬರುವ ಕೆಲಸ. ಆ ವರ್ಷ ನಮ್ಮೂರಿನವರೇ ಅವನನ್ನು ಕರೆಸಿದರು. ಇಳಿದುಕೊಂಡದ್ದು ನಮ್ಮ ಮನೆಯಲ್ಲಿ. ಕಲಿಸಿದ ನಾಟಕ ‘ಮೂರು ಬೀಗರು ಒಂದು ಚಹಾ’. ಹಾಡು ಹೆಚ್ಚು, ಕಥೆ ಕಡಿಮೆ. ಒಬ್ಬ ಗೌಡನಿಗೆ ಒಬ್ಬಳೇ ಮಗಳು. ಅವಳನ್ನು ನೋಡಲು ಮೂರು ಊರಿನ ಬೀಗರು ಒಂದೇ ದಿನ ಬಂದು ಒಂದೇ ಕಟ್ಟೆಯ ಮೇಲೆ ಕೂರುತ್ತಾರೆ. ನಡುವೆ ಹುಡುಗಿಯ ಸೋದರಮಾವ ಬಂದು, ನನ್ನನ್ನು ದಾಟಿ ಚಹಾ ಹ್ಯಾಂಗ ಕುಡಿತೀರಿ ಎಂದು ಕಪ್ಪು ಬಸಿಗಳನ್ನೆಲ್ಲ ಬುಟ್ಟಿಗೆ ಹಾಕಿಕೊಂಡು ಹೋಗುತ್ತಾನೆ. ಕೊನೆಗೆ ಹುಡುಗಿ ಅವನನ್ನು ಒಲ್ಲೆ ಎನ್ನಬೇಕು, ಅವನು ಹಾಡುತ್ತ ಹಿಂದೆ ಸರಿಯಬೇಕು.

ಈ ಮಾವನ ಪಾತ್ರ ಮಾಡಲು ಊರಿನಲ್ಲಿ ಯಾರೂ ಮುಂದೆ ಬರಲಿಲ್ಲ. ಬಾರದಿದ್ದುದಕ್ಕೆ ಕಾರಣವಿತ್ತು. ಊರಿನ ಅರ್ಧ ಗಂಡಸರು ಅಕ್ಕನ ಮಗಳನ್ನೇ ಮಾಡಿಕೊಂಡವರು. ಸ್ಟೇಜಿನ ಮೇಲೆ ‘ಒಲ್ಲೆ’ ಎನಿಸಿಕೊಂಡು ಮನೆಗೆ ಹೋಗಿ ರೊಟ್ಟಿ ಕೇಳುವ ಧೈರ್ಯ ಯಾರಿಗಿರುತ್ತದೆ? ಮಾಸ್ತರಾದವನು ಪಾತ್ರ ಹಾಕುವ ರೂಢಿಯಿಲ್ಲ. ಆದರೂ ಮಾವ, “ಬಿಡ್ರಿ, ನಾನ ಮಾಡತೀನಿ. ನನಗಿನ್ನೂ ಲಗ್ನ ಆಗಿಲ್ಲ, ಒಲ್ಲೆ ಅನ್ನಾಕ ಮನ್ಯಾಗ ಯಾರೂ ಇಲ್ಲ,” ಎಂದು ನಕ್ಕ.

ತಾಲೀಮು ಮಧ್ಯಾಹ್ನ, ರಜೆಯಿದ್ದ ಶಾಲೆಯ ಪಡಸಾಲೆಯಲ್ಲಿ. ಹೊರಗೆ ಕೆಂಪು ಮಣ್ಣು ಕಾದು ಕೆಂಡ. ಬೇವಿನ ಮರದ ಕೆಳಗೆ ನಾಯಿಗಳೂ ಊರಿನ ಮುದುಕ ಈರಪ್ಪಜ್ಜನೂ ನೆರಳನ್ನು ಹಂಚಿಕೊಂಡಿರುತ್ತಿದ್ದರು. ಕಥಾನಾಯಕಿಯ ಪಾತ್ರಕ್ಕೆ ಗಂಗಾವತಿಯಿಂದ ಒಬ್ಬ ನಟಿ ಬರುವವಳಿದ್ದಳು, ಆದರೆ ನಾಟಕಕ್ಕೆ ಎರಡೇ ದಿನ ಮೊದಲು. ಅಲ್ಲಿಯತನಕ ಅವಳ ಮಾತುಗಳನ್ನು ಓದಿ ಹೇಳಲು ಸರಸರ ಓದುವವರು ಬೇಕಾಗಿತ್ತು. ಪುಸ್ತಕ ನನ್ನ ಕೈಗೆ ಬಂತು.

ಅಕ್ಕನೂ ದಿನಾ ಬರುತ್ತಿದ್ದಳು. ತಾಲೀಮಿನವರಿಗೆ ಒಂದು ಕೊಡ ಮಜ್ಜಿಗೆ ತಂದು, ಕೊಡದ ಬಾಯಿಗೆ ತಾಟು ಮುಚ್ಚಿ, ಕಂಬಕ್ಕೆ ಒರಗಿ ನಿಲ್ಲುತ್ತಿದ್ದಳು. ಅಕ್ಕ ಮಾತು ಕಡಿಮೆ. ಮನೆಯಲ್ಲಿ ಹಿಟ್ಟು ನಾದುವಾಗ ನಾಟಕದ ಹಾಡು ಗುನುಗುತ್ತಿದ್ದಳು. ಅದನ್ನು ನಾನು ಸಾಕ್ಷ್ಯವೆಂದು ಎಣಿಸಲಿಲ್ಲ. ಊರೆಲ್ಲ ಅದನ್ನೇ ಗುನುಗುತ್ತಿತ್ತು. ನಾನು ಎಣಿಸಿದ ಸಾಕ್ಷ್ಯ ಬೇರೆ. ಯುಗಾದಿಯ ಹೊತ್ತಿಗೆ ಆಯಿ, “ಬರೋ ವರ್ಷ ವೈಶಾಖದಾಗ ಗಂಗಾನ್ನ ಶರಣಗ ಕೊಟ್ಟ ಬಿಡೂಣು,” ಎಂದಾಗ ಅಕ್ಕ ಹಿತ್ತಲಿಗೆ ಹೋಗಿ ಅತ್ತಿದ್ದಳು. ನಾನು ನೋಡಿದ್ದೆ. ಅಷ್ಟು ಸಾಕಾಗಿತ್ತು ನನಗೆ. ರಕ್ತಸಂಬಂಧದ ಮದುವೆಯಿಂದ ಮಕ್ಕಳಿಗಾಗುವ ತೊಂದರೆ, ಹೆಣ್ಣನ್ನು ಹೊಲದ ಹಾಗೆ ಮನೆತನದೊಳಗೇ ಉಳಿಸಿಕೊಳ್ಳುವ ಲೆಕ್ಕಾಚಾರ, ಎಲ್ಲ ನನ್ನ ನೋಟುಬುಕ್ಕಿನಲ್ಲಿದ್ದವು. ಬೇಕಾಗಿದ್ದದ್ದು ಒಂದು ವೇದಿಕೆ.

ವೇದಿಕೆ ಸಿಕ್ಕ ದಿನ ಮಾವ ಮುಖಕ್ಕೆ ಬಣ್ಣ ಹಚ್ಚಿಕೊಂಡಿದ್ದ. ಬಿಸಿಲಿಗೆ ಸಫೇತಾ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುವ ಪರೀಕ್ಷೆ. ಮುಖ ಬೆಳ್ಳಗೆ, ಹುಬ್ಬು ಕಾಡಿಗೆಯ ಕರಿ, ಕೆನ್ನೆಗೆ ಎರಡು ಕೆಂಪು ಬೊಟ್ಟು. ಪೇಟಿಯ ಹಿಂದೆ ಕೂತು ನಾಟಕದ ಮಾವನ ಹಾಡು ಎತ್ತಿದ.

“ಅಕ್ಕನ ಮಗಳ, ನಿನಗ್ಯಾಕ ಜಗಳ,
ತಕ್ಕಡ್ಯಾಗ ಇಟ್ಟು ತೂಗಬ್ಯಾಡ ಮಾವನ್ನ,
ತೂಕಕ್ಕ ಕಡಿಮಿ ಬಿದ್ರ ಹಾಡು ಕೂಡಿಸಿ ಕೊಡತೀನಿ...”

ಹಾಡು ಮುಗಿಸಿ, ಪುಸ್ತಕದಲ್ಲಿದ್ದಂತೆ ಎದೆ ತಟ್ಟಿಕೊಂಡು, “ನಿನ್ನ ಮ್ಯಾಲ ನನ್ನ ಹಕ್ಕು ಐತಿ!” ಎಂದ. ಇದಕ್ಕೆ ಹುಡುಗಿ, “ಮೊದಲ ಪಟಗಾ ನೆಟ್ಟಗ ಸುತ್ತಾಕ ಕಲಿ ಮಾವ,” ಎನ್ನಬೇಕು. ನಾನು ಪುಸ್ತಕ ಮುಚ್ಚಿದೆ.

“ಹಕ್ಕು ಅಂದ್ರೇನು ಮಾವ? ಹೊಲದ ಮ್ಯಾಲ ಹಕ್ಕು ಇರತೈತಿ, ಬಾವಿ ಮ್ಯಾಲ ಹಕ್ಕು ಇರತೈತಿ. ನಾ ಹೊಲನೋ, ಬಾವಿನೋ?”

ಪಡಸಾಲೆ ಗೊಳ್ಳೆಂದಿತು. ಮಾವ ಸೋಲುವವನಲ್ಲ. “ಹೊಲ ಇಷ್ಟು ಮಾತಾಡಿದ್ರ ಯಾವ ರೈತನೂ ಬಿತ್ತತಿದ್ದಿಲ್ಲವಾ!”

ಈರಪ್ಪಜ್ಜ ಹೊರಗಿನಿಂದಲೇ ಕೂಗಿದ. “ಭೇಷ್! ನಾ ನಲವತ್ತು ವರ್ಷದಿಂದ ಇಂಥಾದ್ದೊಂದು ಹೊಲ ಮಾಡೀನಿ, ನನ್ನ ಕೇಳ್ರಿ!” ಅವನ ಹೆಂಡತಿಯೂ ಅವನ ಅಕ್ಕನ ಮಗಳೇ.

“ಅಜ್ಜಾ, ನಿನ್ನ ಸರತಿ ಬಂದಾಗ ಮಾತಾಡು,” ಎಂದು ಅವನನ್ನು ಕೂರಿಸಿ ನಾನು ಮಾವನ ಕಡೆ ತಿರುಗಿದೆ. ಕೊನೆಯ ಒಂದು ನಿಮಿಷದಲ್ಲಿ ಎದುರಾಳಿಗೆ ಉತ್ತರವಿಲ್ಲದ ಪ್ರಶ್ನೆ ಹಾಕಬೇಕು ಎಂದು ನಮಗೆ ಕಲಿಸಿದ್ದರು.

“ಲಗ್ನದ ಮಾತು ನೀ ಯಾರನ್ನ ಕೇಳಿದಿ? ನಿಮ್ಮವ್ವನ್ನ ಕೇಳಿದಿ. ಅಕ್ಕನ್ನ ಕೇಳಿದಿ, ಭಾವನ್ನ ಕೇಳಿದಿ. ಗುಡ್ಯಾಗ ಹೂವು ಹಚ್ಚಿ ದೇವರನ್ನೂ ಕೇಳಿದಿ. ಯಾರನ್ನ ಮಾಡಿಕೊಳ್ಳಾಂವ ಅದಿಯೋ ಅಕಿನ್ನ ಒಂದು ಸಲನರ ಕೇಳೀಯೇನು, ‘ನಿನಗ ಮನಸೈತೇನು’ ಅಂತ?”

ನಗು ಶುರುವಾಗಿ ಅರ್ಧಕ್ಕೆ ನಿಂತಿತು. ನಾನು ನಾಟಕ ಆಡುತ್ತಿಲ್ಲ ಎಂದು ಎಲ್ಲರಿಗೂ ಅದೇ ಗಳಿಗೆಯಲ್ಲಿ ತಿಳಿಯಿತೆಂದು ಕಾಣುತ್ತದೆ. ಮಾವನ ಕೈ ಪೇಟಿಯ ತಿದಿಯನ್ನು ಒತ್ತುತ್ತಲೇ ಇತ್ತು, ಆದರೆ ಬೆರಳು ಸ್ವರದ ಯಾವ ಮನೆಯ ಮೇಲೂ ಇರಲಿಲ್ಲ. ಬರೀ ಗಾಳಿಯ ಸಪ್ಪಳ. ಅವನು ಕಂಬದ ಕಡೆ ನೋಡಿದ. ಅಕ್ಕ ಬಗ್ಗಿ, ಮೊದಲೇ ಮುಚ್ಚಿದ್ದ ಕೊಡಕ್ಕೆ ಮತ್ತೊಮ್ಮೆ ತಾಟು ಮುಚ್ಚುತ್ತಿದ್ದಳು.

ಮಾವನ ಮುಖ ಹೇಗಾಯಿತೆಂದು ನಾನು ಹೇಳಲಾರೆ. ಸಫೇತಾ ಬಳಿದ ಮುಖದಲ್ಲಿ ಬಣ್ಣ ಬದಲಾದದ್ದು ಕಾಣುವುದಿಲ್ಲ.

“ಇದು ಪುಸ್ತಕದಾಗ ಇಲ್ಲಲ್ಲ ಶಾಂತಾ,” ಎಂದ ಕೊನೆಗೆ. ವಕೀಲಿ ಎನ್ನಲಿಲ್ಲ.

“ಇಲ್ಲ.”

“ಬರದಿಡು. ಛಲೋ ಐತಿ. ನಾಟಕದಾಗ ಇದ ಇರಲಿ.”

ನಾನು ಗೆದ್ದೆ. ಗಂಗಾವತಿಯ ನಟಿ ಆ ಮಾತುಗಳನ್ನು ಒಮ್ಮೆ ಕೇಳಿ ಬಾಯಿಗೆ ಹಾಕಿಕೊಂಡಳು. ನಾಟಕದಲ್ಲಿ ಹೆಂಗಸರು ಕೂತ ಕಡೆಯಿಂದ ಆ ಮಾತಿಗೆ ಬಿದ್ದಷ್ಟು ಚಪ್ಪಾಳೆ ಇನ್ನಾವುದಕ್ಕೂ ಬೀಳಲಿಲ್ಲ. ಮರುದಿನ ಮಾವ ಪೇಟಿಗೆ ಬಟ್ಟೆ ಸುತ್ತಿ ಬಸ್ಸು ಹತ್ತಿದ. ಮಿರಗದ ಮಳೆ ಹೊತ್ತಿಗೆ ಸರಿಯಾಗಿ ಬಂತು, ಸಜ್ಜೆ ಬಿತ್ತಿದೆವು. ಅಪ್ಪ ಕೂರಿಗೆಯ ಹಿಂದೆ, ಅಕ್ಕ ಬೀಜದ ಉಡಿ ಕಟ್ಟಿಕೊಂಡು, ನಾನು ಬದುವಿನ ಮೇಲೆ ಕೂತು ಮುಂದಿನ ವರ್ಷದ ಚರ್ಚೆಗೆ ಓದುತ್ತ.

ಪಂಚಮಿಯ ಹಿಂದಿನ ದಿನ ಮಾವ ಬಂದ. ಜಿಟಿಜಿಟಿ ಮಳೆ, ತಲೆಯ ಮೇಲೆ ಗೋಣಿಯ ಕೊಪ್ಪೆ. ಕೈಚೀಲವನ್ನು ಅವ್ವನ ಮುಂದಿಟ್ಟ. ಅವ್ವ ಶೇಂಗಾದ ಉಂಡಿ, ಎಳ್ಳಿನ ಉಂಡಿ, ಗಿಟಕ ಒಂದೊಂದೇ ತೆಗೆದು ತಾಟಿಗೆ ಜೋಡಿಸಿದಳು. ಆಮೇಲೆ ಖಣ ತೆಗೆದಳು. ಒಂದು ನೀಲಿ. ಅದರ ಕೆಳಗೊಂದು ಹಸಿರು. ಅದರ ಕೆಳಗೊಂದು ದಾಳಿಂಬೆ ಬಣ್ಣದ್ದು.

ಅವ್ವನ ಕೈ ಅಲ್ಲೇ ನಿಂತಿತು. “ಇವ್ಯಾಕೋ ಶರಣಾ, ಮೂರು?”

“ಮನ್ಯಾಗ ಹೆಣ್ಮಕ್ಕಳು ಮೂರ ಮಂದಿ ಅದೀರಲ್ಲಕ್ಕ,” ಎಂದ ಮಾವ, ಕಾಲು ಒರೆಸಿಕೊಳ್ಳುತ್ತ.

“ನಿಮ್ಮವ್ವ ನಿನಗ ಏನ್ ಹೇಳಿದ್ಲು?”

“ಹೇಳಿದ್ಲು. ಕೇಳಿಸ್ಕೊಂಡ ತಂದೀನಿ.”

ಅಪ್ಪ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದವನು ಬಾಯಿ ಆಡಿಸುವುದನ್ನು ನಿಲ್ಲಿಸಿದ. ಯಾರೂ ಜಗಳ ಮಾಡಲಿಲ್ಲ. ನಮ್ಮಲ್ಲಿ ಇಂಥದ್ದಕ್ಕೆ ಜಗಳವಿಲ್ಲ. ಚೀಲದಿಂದ ಹೊರಗೆ ಬಂದ ಖಣವನ್ನು ಒಳಗೆ ಹಾಕುವ ರೀತಿ ಯಾರಿಗೂ ಗೊತ್ತಿಲ್ಲ. ಅಕ್ಕ ಒಲೆಯ ಮುಂದಿನಿಂದ ಎದ್ದು ಬಂದಳು. ಹಸಿರು ಖಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಮಾವನ ಕಾಲಿಗೆ ನಮಸ್ಕರಿಸಿ ಒಳಗೆ ಹೋದಳು. ಐದು ನಿಮಿಷಕ್ಕೆ ಹೊರಗೆ ಬಂದಾಗ ಕೈಯಲ್ಲಿ ಚಹಾದ ಬಸಿಗಳಿದ್ದವು.

ದಾಳಿಂಬೆ ಬಣ್ಣದ್ದನ್ನು ಮಾವ ತಾನೇ ನನ್ನ ಕೈಗೆ ಕೊಟ್ಟ.

“ನನಗ್ಯಾಕ ಮಾವ?”

“ನಿಂದು ವಕೀಲಿ ಫೀಸು,” ಎಂದು ನಕ್ಕ. ವ್ಯಂಗ್ಯವಿತ್ತೇ ಎಂದು ಆ ನಗುವನ್ನು ನಾನು ಬಹಳ ಸಲ ತಿರುಗಿಸಿ ನೋಡಿದ್ದೇನೆ. ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಮುಂದಿನ ವೈಶಾಖದಲ್ಲಿ ಅಕ್ಕನನ್ನು ನವಲಿಗೆ ಕೊಟ್ಟರು. ಕಾಲುವೆಯ ನೀರು, ಎರಡು ಬೆಳೆ ಭತ್ತ, ಭಾವ ಗಟ್ಟಿಯಾಗಿ ಮಾತಾಡದ ಮನುಷ್ಯ. ಅಕ್ಕಿಗೆ ಅಂಟಿದ ಅವಳ ಕೈ ಸಜ್ಜೆ ರೊಟ್ಟಿ ಬಡಿಯುವುದನ್ನು ಮರೆತಿದೆ ಎಂದು ಅವ್ವ ಹೆಮ್ಮೆಯಿಂದಲೇ ದೂರುತ್ತಾಳೆ. ಮಾವನೂ ಮರುವರ್ಷ ತನ್ನ ಊರಿನ ಕಡೆಯ ಹೆಣ್ಣನ್ನು ಮಾಡಿಕೊಂಡ. ಮಾಮಿ ನಗುಮುಖದವಳು, ಎರಡು ಮಕ್ಕಳು. ಅವನು ಈಗಲೂ ಬೇಸಿಗೆಯಲ್ಲಿ ನಾಟಕ ಕಲಿಸುತ್ತಾನೆ, ಆ ನಾಟಕವನ್ನು ಬಿಟ್ಟು. ನಾನು ಕಾನೂನು ಓದಿ, ಗಂಗಾವತಿಯ ಕೋರ್ಟಿನಲ್ಲಿ ಒಬ್ಬ ಹಿರಿಯರ ಕೈಕೆಳಗೆ ನಿಜವಾದ ವಕೀಲಿಯೇ ಆಗಿದ್ದೇನೆ.

ಹಾಗಾದರೆ ಹಾನಿ ಎಲ್ಲಿ? ಯಾರಾದರೂ ಕೇಳಲಿ, ನಾನೇ ಕೇಳುತ್ತೇನೆ. ಯಾರೂ ಕೆಟ್ಟಿಲ್ಲ, ಯಾರೂ ಸೊರಗಿಲ್ಲ. ರಕ್ತಸಂಬಂಧದ ಬಗ್ಗೆ ನಾನು ಅಂದದ್ದು ಇಂದಿಗೂ ಸರಿ. ಹಕ್ಕಿನ ಬಗ್ಗೆ ಅಂದದ್ದು ಇನ್ನೂ ಸರಿ. ಆರು ವರ್ಷ ಈ ವಾದ ಗಟ್ಟಿಯಾಗಿಯೇ ನಿಂತಿತ್ತು. ಕುಷ್ಟಗಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದಾಗ ಆ ವಾಸನೆ ಕೇಳಿದ ಪ್ರಶ್ನೆಯೊಂದೇ ಅದರೊಳಗೆ ಹಿಡಿಸಲಿಲ್ಲ: ಅಕಿನ್ನ ಕೇಳೀಯೇನು ಎಂದು ಮಾವನಿಗೆ ಅಂದೆಯಲ್ಲ, ನೀನು ಕೇಳಿದ್ದೆಯೇನು?

ಬಹುಮಾನ ಹಂಚುವ ತನಕವೂ ನಿಲ್ಲದೆ ಹೊರಟೆ. ತಾವರಗೇರಾದಲ್ಲಿ ಇಳಿದು ಮನೆಗೆ ಹೋಗಬಹುದಿತ್ತು, ಇಳಿಯಲಿಲ್ಲ. ಕನಕಗಿರಿಯಲ್ಲಿ ಬಸ್ಸು ಬದಲಿಸಿ ನವಲಿ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಕೆಸರುಗದ್ದೆಗಳಲ್ಲಿ ನಾಟಿಯ ಹೆಂಗಸರು ಬಗ್ಗಿದ್ದರು. ಅಕ್ಕ ಪಡಸಾಲೆಯಲ್ಲಿ ಮೊರದ ತುಂಬ ಅಕ್ಕಿ ಇಟ್ಟುಕೊಂಡು ಹಸನು ಮಾಡುತ್ತಿದ್ದಳು. ಮೈಮೇಲೆ ಅದೇ ಹಸಿರು ಖಣದ ಕುಪ್ಪಸ, ತೋಳಿನ ಹತ್ತಿರ ಬಣ್ಣ ಹೋಗಿತ್ತು. ಹೊಸ್ತಿಲಲ್ಲಿ ನಾನು ನಿಂತದ್ದನ್ನು ನೋಡದೆ ಗುನುಗುತ್ತಿದ್ದಳು. ತೂಕಕ್ಕ ಕಡಿಮಿ ಬಿದ್ರ ಹಾಡು ಕೂಡಿಸಿ ಕೊಡತೀನಿ.

ನೀರು ಕೊಟ್ಟಳು. ಮನೆಯ ಸುದ್ದಿ ಕೇಳಿದಳು. ನಾನು ಸುತ್ತು ಬಳಸುವವಳಲ್ಲ.

“ಅಕ್ಕಾ, ಒಂದು ಮಾತು ಕೇಳತೀನಿ, ಸಿಟ್ಟಾಗಬ್ಯಾಡ. ಶರಣಪ್ಪ ಮಾವನ ಮ್ಯಾಲ ನಿನಗ ಮನಸಿತ್ತೇನು?”

ಅಕ್ಕ ಮೊರದಿಂದ ಒಂದು ಹರಳು ಹೆಕ್ಕಿ ಅಂಗಳಕ್ಕೆ ಎಸೆದಳು. “ಈಗ್ಯಾಕ ಬಂತು ಆ ಮಾತು?”

“ಯುಗಾದ್ಯಾಗ ಆಯಿ ಲಗ್ನದ ಮಾತ ತಗದಾಗ ನೀ ಹಿತ್ತಲದಾಗ ಅತ್ತಿದ್ದಿ. ನಾ ನೋಡಿದ್ದೆ. ಅದಕ್ಕ ನಾ...”

“ಅಳದ ಇರತಾರೇನು ಶಾಂತಾ? ತವರು ಬಿಡೂ ಮಾತು ಬಂದ್ರ ಯಾರರ ನಗತಾರೇನು?” ಅಕ್ಕ ನಿಜಕ್ಕೂ ನಕ್ಕಳು. “ನವಲಿಗಿ ಬರೂಮುಂದನೂ ಅತ್ತೀನಿ. ಆಗ ನೀ ಏನೂ ಅನಲಿಲ್ಲ.”

ಮತ್ತೆರಡು ಹರಳು ಹೆಕ್ಕಿ ಎಸೆದು ಅವಳೇ ಮಾತಾಡಿದಳು, ಮೊರದ ಕಡೆ ನೋಡುತ್ತಲೇ.

“ಅಂವ ಕೇಳಿದ್ದ.”

“ಯಾರು?”

“ಮಾವ. ನೀ ತಾಲೀಮಿನ್ಯಾಗ ಅಷ್ಟೆಲ್ಲಾ ಮಾತಾಡಿದ್ಯಲ್ಲ, ಅವತ್ತ ಸಂಜಿಮುಂದ. ನಾ ಬಾವಿಗಿ ಹೋಗಿದ್ದೆ. ಮುಖದಾಗಿನ ಬಣ್ಣ ತೊಳಕೊಳ್ಳಾಕ ಅಂತ ಬಂದ. ನೀರು ಸೇದಿ ಹಾಕಿದೆ. ಕಿವಿ ಹಿಂದ ಇನ್ನಾ ಬೆಳ್ಳಗ ಇತ್ತು. ‘ಗಂಗಾ, ನಿನ್ನ ತಂಗಿ ಅಂದದ್ದು ನಿನ್ನ ಮಾತೇನು? ನಿನಗ ಮನಸಿಲ್ಲೇನು?’ ಅಂದ.”

“ನೀ ಏನಂದಿ?”

“ಏನನ್ನಲಿ? ಹುಟ್ಟಿದಾಗಿಂದ ಯಾರೂ ನನ್ನ ಹಂಗ ಕೇಳಿದ್ದಿಲ್ಲ. ಬಾಯಿ ಬರಲಿಲ್ಲ. ಕೊಡ ಎತ್ತಿಕೊಂಡು ಬಂದ ಬಿಟ್ಟೆ. ಅರ್ಧಾ ತುಂಬಿತ್ತು ಅದು.” ಅಕ್ಕ ಮೊರವನ್ನು ಒಮ್ಮೆ ಝಾಡಿಸಿದಳು. “ಮನ್ಯಾಗಿನ ಬಾಯಿ ಎಲ್ಲಾ ನಿನಗ ಕೊಟ್ಟಿದ್ರಲ್ಲವಾ. ಅಂವಾದ್ರೂ ಒಂದ ಸಲ ಕೇಳಿದ. ನೀ ಕೇಳಲಿಲ್ಲ.”

ಪರವಾಗಿ ಐದು ನಿಮಿಷ, ವಿರೋಧವಾಗಿ ಐದು ನಿಮಿಷ. ಕೈಯಲ್ಲಿ ನೀರಿನ ಲೋಟವೂ ಇತ್ತು. ನೀರು ಪೂರ್ತಿ ಕುಡಿದು ಲೋಟ ಕೆಳಗಿಟ್ಟೆ.

“ಬಿಡು, ನಾ ಛಲೋನ ಅದೀನಿ,” ಎಂದಳು ಅಕ್ಕ, ನನ್ನ ಮುಖ ನೋಡಿ. “ನಿಮ್ಮ ಭಾವಗ ಹಾಡು ಬರೂದಿಲ್ಲ, ಅದೊಂದ. ಪಂಚಮಿಗಿ ಮಾವ ಊರಿಗಿ ಬರತಾನಂತ, ನಾನೂ ಬರತೀನಿ. ಅವನ ಮುಂದ ಇದನ್ನ ತಗೀಬ್ಯಾಡ. ಅಂವಗ ಗೊತ್ತಾಗೂದು ಬ್ಯಾಡ.” ಆಮೇಲೆ, ಏನೋ ನೆನಪಾದಂತೆ, “ನಿಂದು ಖಣ ಎಲ್ಲೈತಿ? ಒಂದ ಸಲನೂ ತೊಟ್ಟದ್ದು ನೋಡಲಿಲ್ಲ,” ಎಂದಳು.

“ಟ್ರಂಕಿನ್ಯಾಗ ಐತಿ.”

“ಕೊಟ್ಟಾಂವಗ ಕಾಣಬೇಕಿಲ್ಲೇನು?”

ನಿನ್ನೆ ಅದನ್ನು ಗಂಗಾವತಿಯಲ್ಲಿ ನಮ್ಮ ಕೋರ್ಟಿನ ಹಿಂದಿನ ಓಣಿಯ ದರ್ಜಿಯ ಬಳಿ ಒಯ್ದೆ. ಅವನು ಬಿಚ್ಚಿ, ಬೆಳಕಿಗೆ ಹಿಡಿದು, ತಲೆ ಅಲ್ಲಾಡಿಸಿದ.

“ಭಾಳ ದಿನಾ ಮಡಿಚಿ ಇಟ್ಟೀರಿ ಅಕ್ಕಾರ. ಮಡಿಕಿ ಬಿದ್ದಲ್ಲೆ ನೂಲು ಸಣ್ಣಾಗ್ಯಾವ. ಹೊಲದ್ರೂ ನಾಕ ಸಲ ತೊಟ್ಟರ ಹರಿತೈತ್ರಿ. ಸುಮ್ನ ಯಾಕ?”

ವಾದಿಸಲು ಅವನ ಮಾತಿನಲ್ಲಿ ಏನೂ ಇರಲಿಲ್ಲ.

“ಒಂದ ಸಲ ನಿಂತರ ಸಾಕ್ರಿ,” ಎಂದೆ. “ಪಂಚಮಿಗಿ ಬೇಕು.”